ಗೋಡೆಯಾಚೆಯ ಗಟ್ಟಿ ಓದು

ಬೆಳಗಿನ ಚಹಾಕ್ಕೆ ನೀರಿಟ್ಟು ಶುಂಠಿ ಜಜ್ಜುತ್ತಿರುವಾಗ ಕಿಟಕಿಯ ಹೊರಗಿನಿಂದ ಹಿಮನದಿಗಳ ಹುಟ್ಟಿನ ವೃತ್ತಾಂತ ಇಂಗ್ಲಿಷಿನಲ್ಲಿ ತೇಲಿಬಂದರೆ ನೀವೇನು ಮಾಡುತ್ತೀರೋ ನಾನರಿಯೆ. ನಾನಂತೂ ಜಜ್ಜುವುದನ್ನು ನಿಲ್ಲಿಸಿ ಕಿವಿಗೊಟ್ಟೆ. ಸೂರ್ಯ ಮೂಡುವ ಮೊದಲೇ ಬೆವರು ಮೂಡಿಸುವ ದೋಹಾದ ಈ ಸೆಖೆಯಲ್ಲಿ ಹಿಮದ ಮಾತನ್ನಾಡುವ ಧೈರ್ಯ ಯಾರಿಗಪ್ಪಾ ಎಂದು ಇಣುಕಿದರೆ, ಪಕ್ಕದ ಮನೆಯ ಚೀನೀ ಹುಡುಗಿ ಲಿನ್. ಬೆನ್ನು ನೆಟ್ಟಗೆ ಮಾಡಿ, ಪುಸ್ತಕವನ್ನು ಮುಖದೆದುರು ಹಿಡಿದು, ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಗಟ್ಟಿಯಾಗಿ ಓದುತ್ತಿದ್ದಳು. ಐನ್ ಖಾಲಿದ್ ಬಡಾವಣೆಯ ನಮ್ಮ ವಿಲ್ಲಾ ಹೆಸರಿಗಷ್ಟೇ ವಿಲ್ಲಾ. ಒಳಗೆ ಅದನ್ನು ಹಲಸಿನ ಹಣ್ಣಿನಂತೆ ಸೀಳಿ ಹಲವು ಸಂಸಾರಗಳಿಗೆ ಹಂಚಿಟ್ಟಿದ್ದಾರೆ. ಅಂಗಳ ಎಲ್ಲರಿಗೂ ಒಂದೇ, ಗೋಡೆಗಳು ತೆಳು, ಒಬ್ಬರ ಸೀನಿಗೆ ಇನ್ನೊಬ್ಬರು ಚಿರಾಯು ಎನ್ನಬಹುದಾದಷ್ಟು.

ನನ್ನ ಗಂಡ ಹುಬ್ಬಳ್ಳಿಯವರು, ಗ್ಯಾಸ್ ಕಂಪನಿಯೊಂದರಲ್ಲಿ ನೌಕರಿ. ನಾನು ಉಡುಪಿಯವಳು, ವೆಸ್ಟ್ ಬೇಯ ಆಫೀಸೊಂದರಲ್ಲಿ ಕಾಗದಪತ್ರಗಳ ಕೆಲಸ. ಹೊದಿಕೆಯೊಳಗಿಂದಲೇ ಅವರು ಕೇಳಿದರು, “ಮುಂಜಾನೆದ್ದು ಯಾರ ಜೋಡಿ ಜಗಳಾ ಆಡ್ಲಿಕ್ಕತ್ತಾಳ ಈ ಹುಡುಗಿ?”

“ಜಗಳ ಅಲ್ಲ ಮಾರಾಯ್ರೇ, ಅವಳು ಓದುದು,” ಎಂದೆ.

ಆಮೇಲೆ ಅವಳನ್ನೇ ಕೇಳಿ ತಿಳಿದುಕೊಂಡೆ. ಅವರ ಊರಿನಲ್ಲಿ ಬೆಳಗಿನ ಓದು ಎಂದರೆ ಗಟ್ಟಿ ಓದೇ ಅಂತೆ. ಕಾಲೇಜಿನ ಮಕ್ಕಳು ಕೂಡ ಮರದ ಬುಡದಲ್ಲೋ ಕೆರೆಯ ದಂಡೆಯಲ್ಲೋ ನಿಂತು, ಒಬ್ಬರ ದನಿಯ ಮೇಲೊಬ್ಬರು ದನಿಯೇರಿಸಿ, ಪಾಠ ಬಾಯಿಗೆ ಹತ್ತುವವರೆಗೂ ಓದುತ್ತಾರಂತೆ. ಮೊದಲು ಬಾಯಿಗೆ ಬರಬೇಕು, ಅರ್ಥ ತನ್ನ ಪಾಡಿಗೆ ಹಿಂದಿನಿಂದ ಬರುತ್ತದೆ ಎನ್ನುವುದು ಅವಳ ನಂಬಿಕೆ. ಅರ್ಥವಿಲ್ಲದೆ ಓದುವುದೆಂತು ಎಂದು ನನಗೆ ವಿಚಿತ್ರವೆನಿಸಿತು. ಆದರೆ ಚಿಕ್ಕಂದಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಜಗಲಿಯಲ್ಲಿ ಸಾಲಾಗಿ ಕೂತು, ಒಂದಕ್ಷರದ ಅರ್ಥವೂ ತಿಳಿಯದ ಶ್ಲೋಕಗಳನ್ನು ಒಂದೇ ಉಸಿರಿನಲ್ಲಿ ಒದರುತ್ತಿದ್ದ ನಾವು ಮತ್ತೇನು ಮಾಡುತ್ತಿದ್ದೆವು ಹೇಳಿ!

ಅವಳ ಕಾಲೇಜು ನನ್ನ ಆಫೀಸಿನ ದಾರಿಯಲ್ಲೇ ಇದ್ದುದರಿಂದ ದಿನವೂ ನನ್ನ ಕಾರಿನಲ್ಲಿ ಬರತೊಡಗಿದಳು. ಆ ದಾರಿಯುದ್ದಕ್ಕೂ ನಡೆದದ್ದು ಯಾರು ಯಾರಿಗೆ ಕಲಿಸಿದ ಪಾಠವೋ ಈಗಲೂ ತಿಳಿಯದು. ಪರಿತ್ಯಾಗ, ಸಾರ್ವಭೌಮತ್ವ ಎಂಬಂಥ ಘನವಾದ ಇಂಗ್ಲಿಷ್ ಪದಗಳೆಲ್ಲ ಅವಳಿಗೆ ಅಂಗೈಯಲ್ಲಿದ್ದವು. ಸೌಟಿಗೂ ಕಸಬರಿಕೆಗೂ ಮಾತ್ರ ಪದವಿಲ್ಲ. ನನ್ನ ಮಗಳು ಅನ್ವಿಗೆ, ಇಲ್ಲಿಯೇ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿರುವವಳಿಗೆ, ಕನ್ನಡದಲ್ಲಿ ಸರಿಯಾಗಿ ಇದರ ತಿರುವುಮುರುವು: ಸೌಟು, ಕಸಬರಿಕೆ, ಉಪ್ಪಿನಕಾಯಿ ಎಲ್ಲ ಗೊತ್ತು, ಅಡುಗೆಮನೆಯ ಹೊಸಿಲು ದಾಟಿದರೆ ಕನ್ನಡವೂ ಅಲ್ಲೇ ನಿಂತುಬಿಡುತ್ತದೆ. ಒಬ್ಬಳು ಭಾಷೆಯ ಮನೆಗೆ ಮಾಳಿಗೆಯಿಂದ ಇಳಿಯುತ್ತಿದ್ದಾಳೆ, ಇನ್ನೊಬ್ಬಳು ಒಲೆಯ ಬುಡದಿಂದ ಏಳುತ್ತಲೇ ಇಲ್ಲ ಎಂದುಕೊಂಡು ನಗುತ್ತಿದ್ದೆ.

ವ್ಯಾಕರಣಕ್ಕೆ ಬಂದಾಗ ಲಿನ್‌ಗೆ ಸಿಟ್ಟೇ ಬರುತ್ತಿತ್ತು. “ನಿನ್ನೆ ಅಂತ ಒಮ್ಮೆ ಹೇಳಿ ಆಯ್ತಲ್ಲ ಆಂಟಿ, ಮತ್ತೆ ಕ್ರಿಯಾಪದವನ್ನೂ ಯಾಕೆ ಬದಲಾಯಿಸಬೇಕು?” ಎಂದು ಇಂಗ್ಲಿಷಿನಲ್ಲಿಯೇ ಕೇಳಿದಳು. ಅವಳ ಭಾಷೆಯಲ್ಲಿ ನಿನ್ನೆಯೂ ನಾಳೆಯೂ ಕ್ರಿಯಾಪದ ಉಟ್ಟ ಬಟ್ಟೆಯಲ್ಲೇ ಇರುತ್ತದಂತೆ. ನಮ್ಮದೋ, ಮದುವೆಗೆ ಹೊರಟ ಸೋದರತ್ತೆಯ ಹಾಗೆ, ಕಾಲ, ಲಿಂಗ, ವಚನ, ಪುರುಷ ಎಲ್ಲ ಒಡವೆಗಳನ್ನೂ ಹೇರಿಕೊಂಡೇ ಹೊರಬೀಳುವುದು. ‘ಬಂದಳು’ ಎಂಬ ಪುಟ್ಟ ಮಾತಿನಲ್ಲಿ ಯಾರು, ಎಷ್ಟು ಮಂದಿ, ಯಾವಾಗ ಎಂಬುದೆಲ್ಲ ಅಡಗಿದೆಯೆಂದು ವಿವರಿಸಿದಾಗ ಅವಳು ಕಣ್ಣರಳಿಸಿ, ಇಂಗ್ಲಿಷೇ ವಾಸಿ ಎಂದಳು. ಹುಟ್ಟಿದಾಗಿನಿಂದ ಹೊತ್ತ ಒಡವೆಗಳ ಭಾರ ನನಗೆ ತಿಳಿದದ್ದು ಅಂದೇ.

ಇಷ್ಟೆಲ್ಲ ನಗುವಿನ ಕೆಳಗೆ ಒಂದು ಹೆದರಿಕೆಯೂ ಇತ್ತು. ಅವಳಿದ್ದದ್ದು ಇನ್ನೂ ಕಾಲೇಜಿನ ಪೂರ್ವಸಿದ್ಧತೆಯ ತರಗತಿಯಲ್ಲಿ. ಪದವಿಯ ತರಗತಿಗೆ ಸೇರಬೇಕಾದರೆ ಕಾಲೇಜಿನ ಇಂಗ್ಲಿಷ್ ಪರೀಕ್ಷೆಯನ್ನು ದಾಟಬೇಕು, ಲಿನ್ ಒಮ್ಮೆ ಅದರಲ್ಲಿ ನಪಾಸಾಗಿದ್ದಳು. ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ಇಲ್ಲಿ ಓದು ಇಲ್ಲ, ಓದು ಇಲ್ಲವಾದರೆ ಚೀನಾಕ್ಕೆ ಮರಳಿ ಚಿಕ್ಕಪ್ಪನ ಮನೆಯಲ್ಲಿರಬೇಕು. ಅವಳ ಅಪ್ಪ ಕಟ್ಟಡಗಳ ಎಂಜಿನಿಯರು; ದೇಶದೇಶಗಳಲ್ಲಿ ಬೇರೆಯವರಿಗೆ ಮನೆ ಕಟ್ಟಿಸುತ್ತಾ ತನ್ನ ಮನೆಯವರಿಂದ ದೂರವೇ ಉಳಿದವರು. ಮಗಳು ಬೆಳೆದ ಮೇಲೆ ಮೂವರೂ ಒಂದೇ ಸೂರಿನಡಿ ಇರುತ್ತಿರುವುದು ಈ ಐನ್ ಖಾಲಿದಿನಲ್ಲೇ ಮೊದಲು. ಅಮ್ಮನಿಗೆ ಇಂಗ್ಲಿಷ್ ಒಂದಕ್ಷರವೂ ಬಾರದು. ಅಂಗಳದಲ್ಲಿ ಎದುರಾದಾಗಲೆಲ್ಲ ನಾವಿಬ್ಬರೂ ಕೈಯಲ್ಲಿದ್ದ ಸೊಪ್ಪನ್ನೋ ಬಾಳೆಹಣ್ಣನ್ನೋ ಎತ್ತಿ ತೋರಿಸಿ ನಕ್ಕು ಮುಂದೆ ಹೋಗುತ್ತಿದ್ದೆವು.

ನಪಾಸಾದದ್ದು ಯಾಕೆ ಗೊತ್ತೇ? ಅವಳ ಗಟ್ಟಿ ಓದಿನಿಂದಲೇ. ಪರೀಕ್ಷೆಯ ಕೋಣೆಯಲ್ಲಿ ಅವಳ ತುಟಿ ತಾನಾಗಿಯೇ ಪಿಟಿಪಿಟಿ ಎನ್ನತೊಡಗಿತ್ತು. ಮೇಲ್ವಿಚಾರಕರು ಬಂದು ಎಚ್ಚರಿಸಿದರು. ಅವಳು ಹೆದರಿ ಬಾಯಿ ಬಿಗಿಹಿಡಿದಳು, ಬಿಗಿಹಿಡಿದದ್ದೇ ತಡ, ಒಂದು ಸಾಲೂ ತಲೆಗೆ ಹತ್ತಲಿಲ್ಲ. ಇದನ್ನು ಕೇಳಿದ ನಾನು, ಪರೀಕ್ಷೆ ಮುಗಿಯುವವರೆಗೆ ಗಟ್ಟಿ ಓದು ಖಲಾಸ್, ಇನ್ನು ಮೌನವಾಗಿ ಓದು ಎಂದು ಅಪ್ಪಣೆ ಕೊಟ್ಟುಬಿಟ್ಟೆ. ಮರುದಿನದಿಂದ ಅಂಗಳ ಸದ್ದಿಲ್ಲದಾಯಿತು, ನನ್ನ ಗಂಡನಿಗೆ ನಿದ್ದೆ ಸಿಕ್ಕಿತು. ಲಿನ್‌ಳ ಅಮ್ಮ ಮಾತ್ರ ಬೆಳಗಾದರೆ ಬಾಗಿಲಿಗೆ ಬಂದು, ಮೂಲೆಯಲ್ಲಿ ಕೂತು ಪುಸ್ತಕ ದಿಟ್ಟಿಸುವ ಮಗಳನ್ನು ನೋಡಿ, ಸಪ್ಪೆ ಮುಖ ಮಾಡಿಕೊಂಡು ಒಳಗೆ ಹೋಗುತ್ತಿದ್ದರು. ಮಗಳಿಗೆ ಮೈ ಹುಷಾರಿಲ್ಲವೆಂದು ಚಿಂತೆಯಿರಬೇಕು ಎಂದುಕೊಂಡೆ.

ಮೌನದ ಓದು ಲಿನ್‌ಗೆ ಒಗ್ಗಲಿಲ್ಲ. ಕಾರಿನಲ್ಲಿ ಪಕ್ಕಕ್ಕೆ ಕೂತು, ತುಟಿ ಕಚ್ಚಿಕೊಂಡು, ಒಂದೇ ಪುಟದಲ್ಲಿ ಹೂತುಹೋಗಿರುತ್ತಿದ್ದಳು. ಪಾಪ ಎನಿಸಿತು. ಒಂದು ದಿನ ಸಿಗ್ನಲ್ಲಿನಲ್ಲಿ ನಿಂತಾಗ, ನನ್ನ ಬ್ಯಾಗಿನಲ್ಲಿ ಕೆಮ್ಮಿಗೆಂದು ಇಟ್ಟುಕೊಂಡಿದ್ದ ಕಲ್ಲುಸಕ್ಕರೆಯ ತುಂಡೊಂದನ್ನು ಅವಳ ಕೈಗಿತ್ತು, “ಇದನ್ನು ಬಾಯಲ್ಲಿಟ್ಟುಕೋ. ಜಗಿಯಬಾರದು, ಓದು,” ಎಂದೆ. ನಾಲಿಗೆಗೆ ಬೇರೆ ಕೆಲಸ ಕೊಟ್ಟರೆ ಸುಮ್ಮನಿದ್ದೀತು ಎಂಬುದಷ್ಟೇ ನನ್ನ ಲೆಕ್ಕಾಚಾರ. ಪುಟ ತಿರುಗಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಕಾಲೇಜಿನ ಗೇಟಿನೆದುರು ಇಳಿಯುವಾಗ ಅವಳು ಎದೆ ಮುಟ್ಟಿಕೊಂಡು, “ಆಂಟಿ, ದನಿ ಒಳಗೆ ಹೋಯ್ತು!” ಎಂದಳು.

ಆ ಮಾತು ನನ್ನನ್ನು ಆಫೀಸಿನಲ್ಲೂ ಬಿಡಲಿಲ್ಲ. ಮಿತ್ರರೇ, ಈ ಸಾಲನ್ನು ನೀವು ತುಟಿ ಅಲ್ಲಾಡಿಸದೆ ಓದುತ್ತಿರುವಾಗ ಒಳಗಡೆ ಓದಿಹೇಳುತ್ತಿರುವ ದನಿ ಯಾರದು? ನಿಮ್ಮದೇ ಎನ್ನುವಿರೇನೋ, ತುಸು ತಡೆದು ಕೇಳಿಸಿಕೊಳ್ಳಿ. ನನಗೆ ಕನ್ನಡವನ್ನು ಒಳಗಿನಿಂದ ಓದಿಹೇಳುವುದು ನನ್ನ ದೊಡ್ಡಮ್ಮ, ನಶ್ಯದಿಂದ ತುಸು ಮೂಗುಗಟ್ಟಿದ ದನಿ. ಆಫೀಸಿನ ಇಂಗ್ಲಿಷನ್ನು ಓದುವುದು ಯಾವುದೋ ಟೈ ಕಟ್ಟಿದ ಗಂಡಸು, ಅವನ ಪರಿಚಯ ನನಗೆ ಈವರೆಗೂ ಆಗಿಲ್ಲ. ಲಿನ್‌ಗೆ ಚೀನೀ ಓದುವುದು ಅಮ್ಮನ ದನಿಯಂತೆ. ಇಂಗ್ಲಿಷಿಗೆ ಇಷ್ಟು ದಿನ ಒಳಗೆ ಯಾರೂ ಇರಲಿಲ್ಲವಂತೆ, ಅದಕ್ಕೇ ಪ್ರತಿ ಸಾಲನ್ನೂ ಹೊರಗೆ ಬಾಯಿಂದ ತಾನೇ ಹೇಳಿಕೊಳ್ಳಬೇಕಿತ್ತು. ಹಾಗಾದರೆ ಅಂಗಳದ ಆ ಗದ್ದಲವೆಲ್ಲ, ಒಳಗೊಬ್ಬ ಓದುಗಿತ್ತಿಯನ್ನು ಕೂರಿಸುವ ಸಿದ್ಧತೆಯೇ ಆಗಿತ್ತೇನೋ. ನಾನು ನಿಲ್ಲಿಸಬಾರದಿತ್ತು ಎನಿಸಿ, ಬೆಳಿಗ್ಗೆ ಗಟ್ಟಿಯಾಗಿ, ಕಾರಿನಲ್ಲಿ ಸಕ್ಕರೆಯೊಂದಿಗೆ ಎಂದು ಅಪ್ಪಣೆಯನ್ನು ತಿದ್ದಿದೆ. ಮರುದಿನ ಮತ್ತೆ ಗಂಡನ ಗೊಣಗು ಕೇಳಿ ಸಂತೋಷವಾಯಿತು.

ಪರೀಕ್ಷೆ ಮುಗಿಯಿತು. ಫಲಿತಾಂಶ ಬಂದ ದಿನ ಲಿನ್ ಕಾಲೇಜಿನಿಂದಲೇ ಫೋನ್ ಮಾಡಿ “ಪಾಸ್ ಆಂಟಿ, ಪಾಸ್!” ಎಂದು ಕೂಗಿದಳು. ಆಫೀಸಿನಲ್ಲಿದ್ದೇನೆ ಎಂಬುದನ್ನೂ ಮರೆತು ನಾನೂ ಕೂಗಿದೆ, ಪಕ್ಕದ ಮೇಜಿನವರು ತಿರುಗಿ ನೋಡಿದರು.

ಸಂಜೆ ಬಾಗಿಲು ಬಡಿದ ಸದ್ದು. ತೆರೆದರೆ ಲಿನ್‌ಳ ಅಮ್ಮ, ಒಬ್ಬರೇ. ತೊಳೆದು ಬಾಚಿದ ಕೂದಲು, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ, ಒಳಗಿಂದ ಹಬೆಯಾಡುತ್ತಿದ್ದ ಯಾವುದೋ ತಿಂಡಿ. ಸೊಪ್ಪು ಬಾಳೆಹಣ್ಣು ತೋರಿಸಿ ನಗುವ ನಮ್ಮ ಎಂದಿನ ಸಂಭಾಷಣೆಗೆ ನಾನು ಸಿದ್ಧಳಾದೆ. ಆದರೆ ಆಕೆ ನಗಲಿಲ್ಲ. ಬೆನ್ನು ನೆಟ್ಟಗೆ ಮಾಡಿದರು, ಗಂಟಲು ಸರಿಪಡಿಸಿಕೊಂಡರು, ನನ್ನ ತಲೆಯ ಮೇಲಿನ ಗೋಡೆಯನ್ನು ನೋಡುತ್ತಾ ಇಂಗ್ಲಿಷಿನಲ್ಲಿ ಮಾತಾಡತೊಡಗಿದರು. ಸೈಕಲ್ಲಿನ ಪಂಕ್ಚರ್ ತೆಗೆಯಲು ಮೊದಲು ಚಕ್ರವನ್ನು ಬಿಚ್ಚಬೇಕು. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆಗಳು ಎಲ್ಲಿ ಏಳುತ್ತವೆಂದು ಗಮನಿಸಬೇಕು. ಆ ಜಾಗವನ್ನು ಒರಸಿ, ಒಣಗಿಸಿ, ತೇಪೆ ಹಚ್ಚಿ, ಗಟ್ಟಿಯಾಗಿ ಒತ್ತಿಹಿಡಿಯಬೇಕು. ಲಿನ್ ನನ್ನ ಕಾರಿನಲ್ಲಿ ಒಮ್ಮೆಯೂ ಓದದ ಪಾಠವದು, ಮೊದಲ ಸಲ ನಪಾಸಾದ ಕಾಲದ್ದಿರಬೇಕು. ಗೋಡೆಯಾಚೆಯಿಂದ ಮಗಳ ದನಿಯನ್ನು ಕೇಳಿ ಕೇಳಿ, ಒಂದು ಪದದ ಅರ್ಥವೂ ತಿಳಿಯದೆ, ಆಕೆ ಅದನ್ನು ಪೂರ್ತಿ ಕಲಿತಿದ್ದರು. ತನ್ನ ಬಳಿಯಿದ್ದ ಇಂಗ್ಲಿಷನ್ನೆಲ್ಲ ಒಂದೂ ಉಳಿಸಿಕೊಳ್ಳದೆ ನನ್ನ ಬಾಗಿಲಿಗೆ ತಂದಿದ್ದರು.

ಪಾಠ ಮುಗಿಸಿ, ಸರಿಯಾಯಿತೇ ಎಂಬಂತೆ ನನ್ನ ಮುಖ ನೋಡಿದರು. ನನಗೆ ಕಣ್ಣು ತುಂಬಿಬಂದಿತ್ತು. ಇಷ್ಟು ವರ್ಷ ಅದೇ ಭಾಷೆಯಿಂದ ಅನ್ನ ತಿಂದವಳಿಗೆ ಆ ಗಳಿಗೆಯಲ್ಲಿ ಒಂದೇ ಒಂದು ಇಂಗ್ಲಿಷ್ ಪದ ಸಿಗಲಿಲ್ಲ.

“ಬನ್ನಿ ಅಕ್ಕಾ, ಒಳಗೆ ಬನ್ನಿ. ಚಾ ಕುಡಿದು ಹೋಗುವಾ,” ಎಂದೆ.

ಆಕೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಕಳಚಿಟ್ಟು ಒಳಗೆ ಬಂದರು.