ಭೀಮಕ್ಕನ ಕೆಂಪು ಗೆರೆ

ಮೂವತ್ತೊಂದು ವರ್ಷ ಕೊರಟಗೆರೆಯಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು ನಾನು. ಪದದ ಹಿಂದೆ ಮುಂದೆ ಏನು ಸೇರಿದರೆ ಯಾವ ಹೊಸ ಪದವಾಗುತ್ತದೆ ಎಂಬ ಪಾಠ ಬಂದರೆ ಇಡೀ ತರಗತಿ ಆಕಳಿಸುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಆಕಳಿಕೆ ಬರುತ್ತಿತ್ತು. ಅದನ್ನು ಬಾಯಿ ಬಿಟ್ಟುಕೊಂಡು ಕೇಳಿದವಳು ಕೊಳಾಲ ಕಡೆಯ ಭೀಮಕ್ಕ ಒಬ್ಬಳೇ.

ಭೀಮಕ್ಕನಿಗೆ ನಲವತ್ತನಾಲ್ಕು. ಗಂಡ ಕ್ಯಾತಣ್ಣ ಕುರಿ ಮೇಯಿಸುತ್ತಾನೆ. ಇವಳು ಊರಿನ ಹಾಲಿನ ಡೇರಿಯಲ್ಲಿ ಒಂಬತ್ತು ವರ್ಷದಿಂದ ಹಾಲು ಅಳೆಯುತ್ತಾಳೆ. ಡೇರಿ ಕಾರ್ಯದರ್ಶಿಯ ಕೆಲಸ ಖಾಲಿಯಾಗುವುದರಲ್ಲಿತ್ತು. ಅದು ಸಿಗಬೇಕಾದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಇವಳಿಗೆ ಇಂಗ್ಲಿಷ್ ಒಂದೇ ಬಾಕಿ.

"ಇದೊಂದು ದಾಟುಸ್ಬುಡಿ ಮೇಡಮ್ಮೋರೆ," ಅಂತ ನನ್ನ ಮನೆಗೆ ಬಂದು ಕೂತಳು.

ನಾನು 'ಹ್ಯಾಪಿ'ಗೆ ಮುಂದೆ 'ಅನ್' ಸೇರಿಸಿ, ಹಿಂದೆ 'ನೆಸ್' ಅಂಟಿಸಿ ತೋರಿಸಿದೆ. ಅವಳು ನನ್ನ ಕೆಂಪು ಪೆನ್ನು ತೆಗೆದುಕೊಂಡು ಮುಂದಿನದಕ್ಕೊಂದು, ಹಿಂದಿನದಕ್ಕೊಂದು ಗೆರೆ ಎಳೆದಳು.

"ನಮ್ ಕುರಿಗೆ ಕತ್ತಿನ್ ಮೇಲೊಂದು, ಸೊಂಟದ್ ಮೇಲೊಂದು ಕೆಂಪು ಬಳೀತೀವಿ. ಹಿಂಡು ಬೆರೆತೋದ್ರೂ ಗುರುತು ಸಿಕ್ತದೆ. ಇದೂ ಅಂಗೇ. ಬಣ್ಣ ಬುಟ್ಟು ನೋಡುದ್ರೆ ಒಳ್ಗಿರೋದು ಅದೇ ಕುರಿ ಕಣಮ್ಮ."

ಮೂವತ್ತೊಂದು ವರ್ಷದಲ್ಲಿ ನನಗೆ ಹೊಳೆಯದ ಮಾತು! ಆಮೇಲೆ ಕೇರ್‌ಲೆಸ್, ಹೆಲ್ಪ್‌ಫುಲ್, ಇಂಪಾಸಿಬಲ್ ಎಂದು ಕಣ್ಣಿಗೆ ಬಿದ್ದ ಪದಕ್ಕೆಲ್ಲ ಬಣ್ಣ ಬಿತ್ತು. ನಾನೋ ಹಿಗ್ಗಿಹೋಗಿ, ಮನೆಗೆ ಬಂದವರಿಗೆಲ್ಲ ಅವಳ ಪುಸ್ತಕ ತೋರಿಸಿದ್ದೇ ತೋರಿಸಿದ್ದು. ಪೆನ್ನನ್ನೂ ಅವಳಿಗೇ ಕೊಟ್ಟುಬಿಟ್ಟೆ.

ಪರೀಕ್ಷೆ ಮುಗಿಸಿ ಭೀಮಕ್ಕ ನೇರ ನನ್ನ ಮನೆಗೆ ಬಂದಳು. ಉತ್ತರ ಪತ್ರಿಕೆಯ ಪದಗಳಿಗೂ ಅಭ್ಯಾಸಬಲದಿಂದ ಕೆಂಪು ಎಳೆದಿದ್ದಾಳೆ. ಕೆಂಪು ಶಾಯಿ ತಿದ್ದುವವರದ್ದು, ಬರೆಯುವವರು ಮುಟ್ಟಬಾರದು. ಅರ್ಧ ಬರೆದಿದ್ದಾಗ ಕೊಠಡಿ ಮೇಲ್ವಿಚಾರಕ ನಾಗಭೂಷಣ್ ನೋಡಿ, ಪೆನ್ನು ಕಸಿದುಕೊಂಡು, ಪತ್ರಿಕೆಯನ್ನೇ ತಿರಸ್ಕರಿಸಬಹುದು ಎಂದರಂತೆ.

ನನಗೆ ಕೆಟ್ಟ ಸಿಟ್ಟು ಬಂತು. ಅವಳ ಮೇಲಲ್ಲ, ನನ್ನ ಮೇಲೆ. ಅಷ್ಟು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ನಿಯಮವನ್ನು ಇವಳಿಗೆ ಹೇಳುವುದನ್ನೇ ಮರೆತಿದ್ದೆ. ತಪ್ಪು ನನ್ನದು ಅನ್ನಲು ಬಾಯಿ ಬರಲಿಲ್ಲ. "ನೋಡೋಣ ಬಿಡು ಭೀಮಕ್ಕ," ಎಂದು ಕಳಿಸಿಬಿಟ್ಟೆ. ಆಮೇಲೆ ಅವಳು ನಮ್ಮ ಮನೆಯತ್ತ ಸುಳಿಯಲಿಲ್ಲ. ನನ್ನ ಮೇಲೆ ಮುನಿದಿದ್ದಾಳೆ, ಮುನಿಯಲಿ, ನ್ಯಾಯವೇ ಅಂದುಕೊಂಡೆ.

ಫಲಿತಾಂಶದ ದಿನ ಫೋನಿನಲ್ಲಿ ನೋಡಿದೆ: ನಲವತ್ತೊಂದು, ಪಾಸು. ಸಿಕ್ಕಿದ ಬಸ್ ಹತ್ತಿ ಡೇರಿಗೆ ಹೋದೆ. ಪಾಸಾದದ್ದನ್ನು ಹೇಳಿದೆ, ಒಂದೇ ಉಸಿರಿಗೆ, ಕೆಂಪು ಪೆನ್ನಿನ ತಪ್ಪು ನನ್ನದೆಂದೂ ಹೇಳಿಬಿಟ್ಟೆ.

ಅವಳು ಕ್ಯಾನಿನ ಮುಚ್ಚಳ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಂಗಾದ್ರೆ ನಿಮ್ಗೇನೂ ತೊಂದ್ರೆ ಆಗ್ನಿಲ್ವಾ? ಇಂಗ್ ಬರಿಯಾಕೆ ಯಾರ್ ಕಲ್ಸಿದ್ದು ಅಂತ ಪೆನ್ ಕಿತ್ಕೊಂಡ ಆವಯ್ಯ ಗದರ್ಸಿ ಕೇಳ್ದ. ಯಾರೂ ಇಲ್ಲ, ನಾನೇ ಕಲ್ತಿದ್ದು ಅಂದ್ಬುಟ್ಟೆ. ನಿಮ್ ಹೆಸ್ರು ಎಲ್ಲಿ ಆಚೀಗ್ ಬತ್ತದೋ ಅಂತ್ಲೇ ನಿಮ್ ಮನೆ ತಾವ್ಕೆ ಬರ್ನಿಲ್ಲ ಕಣಮ್ಮ."