ಮರದ ರೇಷ್ಮೆ

ನಕಲಿ ರೇಷ್ಮೆ ಕೇಳಿ ಅಸಲಿಯ ಬೆಲೆ ಕೊಟ್ಟು ಬಂದ ಪುಣ್ಯಾತ್ಮ ಅಂದರೆ ನಮ್ಮ ಪಕ್ಕದ ಮನೆಯ ಬಾಳಗೊಂಡ. ೧೯೩೭ರ ಮಾತು. ಹುಳು ಕುದಿಸಿ ತೆಗೆದ ರೇಷ್ಮೆಯನ್ನು ಇನ್ನು ಮೈಗೆ ಸೋಕಿಸುವುದಿಲ್ಲ ಎಂದು ಅವನ ಹೆಂಡತಿ ಜಿನಮತಿ ಗಡಹಿಂಗ್ಲಜದ ಬಸದಿಯಲ್ಲಿ ವ್ರತ ಹಿಡಿದಿದ್ದಳು. ಎಲ್ಲರ ನಡುವೆ ಅವಳೊಬ್ಬಳೇ ನೂಲಿನ ಸೀರೆಯಲ್ಲಿ ಪೂಜೆಗೆ ನಿಂತದ್ದು ನೋಡಿ ಇವನಿಗೆ ಕರುಳು ಚುರುಕ್ ಎಂದಿತು. ಮರದ ತಿರುಳಿನಿಂದ ಮಾಡುವ ಹೊಸ ರೇಷ್ಮೆ ಬಂದಿದೆ ಎಂದು ಕೇಳಿ ಇಚಲಕರಂಜಿಗೆ ಓಡಿದ. ಅಂಗಡಿಯವನು ಒಳಗೆ ಹೋಗಿ ಒಂದು ಸೀರೆ ತಂದು, ಮರದ್ದೇ ಎಂದು ಆಣೆ ಮಾಡಿದ. ಬೆಲೆ ಕೇಳಿದಾಗಲಾದರೂ ಸಂಶಯ ಬರಬೇಡವೇ? ಜೀವ ಕೊಲ್ಲದ ಬಟ್ಟೆಗೆ ಹೆಚ್ಚು ಕೊಟ್ಟರೆ ತಪ್ಪೇನು ಎಂದುಕೊಂಡ ಮಹಾರಾಯ. ಒಂದೆಳೆ ಸುಟ್ಟು ಮೂಸಿದ್ದರೆ ತಿಳಿಯುತ್ತಿತ್ತು; ಹುಳದ್ದಾದರೆ ಕೂದಲು ಸುಟ್ಟ ವಾಸನೆ. ದೇವರ ಮುಂದೆ ಉಡುವ ಸೀರೆಯನ್ನು ಯಾರು ಸುಡುತ್ತಾರೆ? ಜಿನಮತಿ ಹನ್ನೆರಡು ವರ್ಷ ಅದನ್ನೇ ಉಟ್ಟು ಪೂಜೆ ಮಾಡಿದಳು.

ಬಾಳಗೊಂಡ ಕೊಲ್ಹಾಪುರದ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಜವಾನ. ಅಲ್ಲಿ ನಾಮದೇವ ಮಾಸ್ತರರು ಅವಕೆಂಪು ಕಿರಣದ ಯಂತ್ರವೊಂದನ್ನು ತಾವೇ ಜೋಡಿಸಿದ್ದರು. ಕಣ್ಣಿಗೆ ಕಾಣದ, ಬರಿ ಶಾಖವಾಗಿ ತಾಗುವ ಕಿರಣ ಅದು. ಗಾಜು ಅದನ್ನು ತಡೆಯುತ್ತದೆ, ಕಲ್ಲುಪ್ಪಿನ ಪಟ್ಟಕ ದಾಟಿಸುತ್ತದೆ. ಮಳೆಗಾಲದಲ್ಲಿ ಆ ಉಪ್ಪು ಬೆವರದಂತೆ ಸುಣ್ಣದ ಹರಳಿಟ್ಟು ಕಾಯುವುದು ಬಾಳಗೊಂಡನ ಕೆಲಸ. ಕಿಟಕಿ ಮುಚ್ಚಿದ ಕೋಣೆ. ಯಂತ್ರಕ್ಕೆ ತಾಗಿದ ಶಾಖ ಎಷ್ಟೆಂದು ತೋರಿಸಲು ಗೋಡೆಯ ಅಳತೆಪಟ್ಟಿಯ ಮೇಲೆ ಒಂದು ಬೆಳಕಿನ ಚುಕ್ಕೆ. ಯಾರಾದರೂ ಹತ್ತಿರ ಬಂದರೆ ಮೈಯ ಬಿಸಿಗೇ ಅದು ಅಲುಗುತ್ತಿತ್ತು.

"ಹಿಂದ ಸರಿ ಬಾಳಗೊಂಡ, ನೀ ಬಂದಿದ್ದು ಅದಕ್ಕ ಗೊತ್ತಾಗೇತಿ," ಎನ್ನುತ್ತಿದ್ದರು ಮಾಸ್ತರರು. ಇವನು ಆ ಚುಕ್ಕೆಗೆ ಹೆದರುತ್ತಿದ್ದ.

೧೯೪೯ರ ಆಷಾಢದಲ್ಲಿ ಮಾಸ್ತರರು ರೇಷ್ಮೆಯ ಪರೀಕ್ಷೆ ಹಿಡಿದರು. ಕಿರಣವನ್ನು ಅದು ಎಲ್ಲಿ ನುಂಗುತ್ತದೆ ಎಂದು ನೋಡಿದರೆ ಒಳಗಿನ ಪ್ರೋಟೀನಿನ ಕಟ್ಟಡ ತಿಳಿಯುತ್ತದಂತೆ. ಕೂದಲು, ಉಗುರು, ರೇಷ್ಮೆ ಮೂರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನುಂಗುತ್ತಿದ್ದವು. ಹೋಲಿಸಲು ಮರದ ರೇಷ್ಮೆ ಬೇಕಾಯಿತು.

"ನಮ್ಮ ಮನ್ಯಾಗ ಐತ್ರಿ," ಎಂದ ಬಾಳಗೊಂಡ ಹೆಮ್ಮೆಯಿಂದ. ರವಿವಾರ ಊರಿಗೆ ಬಂದವನು ಸೆರಗಿನ ತುದಿಯಿಂದ ಹಿಡಿಯಷ್ಟು ಎಳೆ ಬಿಡಿಸಿಕೊಂಡು ಹೋದ.

ಎಳೆಗಳನ್ನು ಚೌಕಟ್ಟಿಗೆ ಕಟ್ಟಿ ಮಾಸ್ತರರು ಬಹಳ ಹೊತ್ತು ನೋಡಿದರು.

"ಇದು ಮರದ್ದಲ್ಲೋ. ನಿನ್ನ ಕೂದಲಾ ಎಲ್ಲಿ ನುಂಗತೈತಿ, ಇದೂ ಅಲ್ಲೇ ನುಂಗತೈತಿ. ಹುಳದ್ದು."

"ಇನ್ನೊಮ್ಮಿ ನೋಡ್ರಿ."

"ಮೂರು ಸಲ ನೋಡೇನಿ."

"ಒಂದ ಸೀರಿಗೆ ಎಷ್ಟ ಹುಳ ಬೇಕ್ರಿ?"

"ಸಾವಿರಗಟ್ಲೆ."

ಮಾಸ್ತರರು ಎದ್ದು ಬಾಗಿಲಿಗೆ ಬಂದು ಇವನ ಪಕ್ಕ ನಿಂತರು. ಯಂತ್ರದ ಹತ್ತಿರ ಯಾರೂ ಇರಲಿಲ್ಲ. ಚುಕ್ಕೆ ಮೆಲ್ಲಗೆ ಅಲುಗಿತು, ಯಾರೋ ಹತ್ತಿರ ಬಂದಾಗ ಅಲುಗುವ ಹಾಗೆ. ಮಳೆಗಾಳಿ ಎಂದರು ಮಾಸ್ತರರು. ಕಿಟಕಿಗಳೆಲ್ಲ ಮುಚ್ಚಿದ್ದವು ಎಂದು ಬಾಳಗೊಂಡ ನನ್ನೆದುರು ಎಷ್ಟೋ ಸಲ ಹೇಳಿದ್ದಾನೆ.

ಆಗ ಜಿನಮತಿ ಹೊಟ್ಟೆಯ ಗಡ್ಡೆಯಿಂದ ಹಾಸಿಗೆ ಹಿಡಿದಿದ್ದಳು. ವೈದ್ಯರು ಕೈಬಿಟ್ಟಿದ್ದರು. ಮುನಿಗಳ ಮುಂದೆ ದೋಷಗಳನ್ನೆಲ್ಲ ಒಪ್ಪಿಕೊಂಡು, ಎಲ್ಲ ಜೀವಿಗಳ ಕ್ಷಮೆ ಕೇಳಿ, ಅನ್ನ ಬಿಟ್ಟು ಸಲ್ಲೇಖನ ಹಿಡಿಯಲು ದಿನ ಗೊತ್ತಾಗಿತ್ತು. ಹೇಳಿದರೆ ಅವಳ ಹನ್ನೆರಡು ವರ್ಷದ ಪೂಜೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹೇಳದಿದ್ದರೆ ಒಪ್ಪಿಕೊಳ್ಳದ ದೋಷ ಹೊತ್ತುಕೊಂಡೇ ಹೋಗುತ್ತಾಳೆ. ಬಾಯಿ ಮುಚ್ಚಿಕೊಂಡಿರು ಎಂದು ನಾನು ಬೈದೆ. ಕೇಳಲಿಲ್ಲ. ಹಿಂದಿನ ದಿನ ಸಂಜೆ, ನನ್ನ ಎದುರಿಗೇ ಹೇಳಿಬಿಟ್ಟ.

ಅವಳು ಅಳಲಿಲ್ಲ. "ಆ ಸೀರಿ ಕೊಡ್ರಿ," ಎಂದು ಮಡಿಲಲ್ಲಿ ಹರಡಿಕೊಂಡಳು. ಒಂದು ಎಳೆಯ ಮೇಲೆ ಬೆರಳಿಟ್ಟು, "ಕ್ಷಮಾ ಮಾಡಪಾ," ಎಂದಳು. ಬೆರಳು ಪಕ್ಕದ ಎಳೆಗೆ ಸರಿಯಿತು. "ಕ್ಷಮಾ ಮಾಡಪಾ."

ಎಲ್ಲಕ್ಕೂ ಸೇರಿಸಿ ಒಮ್ಮೆ ಕೇಳಿದರೆ ಸಾಕು ಎಂದು ಮರುದಿನ ಬಂದ ಮುನಿಗಳು ಹೇಳಿದರು. "ಕೂಡೇ ಕುದಿಸ್ಯಾರ. ಕೂಡೇ ಕೇಳಾಕ ನನಗ ಮನಸ್ಸಿಲ್ರಿ," ಎಂದಳು.

ಅನ್ನ ಬಿಟ್ಟಳು, ಬೆರಳು ನಿಲ್ಲಿಸಲಿಲ್ಲ. ಆ ಪಿಸುಮಾತು ಗೋಡೆ ದಾಟಿ ನಮ್ಮ ಮನೆಗೂ ಬರುತ್ತಿತ್ತು. ಆರನೆಯ ದಿನ ಬಾಳಗೊಂಡ ಅವಳ ಕಾಲ ಹತ್ತಿರ ಕೂತ.

"ಜಿನಮತಿ, ನನ್ನನ್ನೂ ಕ್ಷಮಾ ಮಾಡ."

"ತಡೀರಿ," ಎಂದಳು, ಕಣ್ಣೆತ್ತದೆ. "ಇವು ಮುಗೀಲಿ. ನಿಮ್ಮ ಸರದಿ ಬರತೈತಿ."

ಒಂಬತ್ತನೆಯ ದಿನ ಮಧ್ಯಾಹ್ನ ಬೆರಳು ನಿಂತಿತು. ಸೆರಗು ಒಂದು ಗೇಣೂ ಮುಗಿದಿರಲಿಲ್ಲ. ಬಾಳಗೊಂಡ ಕಾಲ ಬಳಿ ಕೂತೇ ಇದ್ದ, ತನ್ನ ಸರದಿಗೆ ಕಾಯುತ್ತ.