ಮೊದಲ ಏಟು ಪುಟ್ಟಸ್ವಾಮಣ್ಣನದು

ಪುಟ್ಟಸ್ವಾಮಣ್ಣ ಕುಂಬಳಕಾಯಿಯನ್ನು ಮೊದಲು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟುತ್ತಿದ್ದರು. ಆಮೇಲೆ ಕತ್ತಿಯನ್ನು ಕಣ್ಣಿಗೊತ್ತಿಕೊಂಡು, ತೊಟ್ಟಿನ ಪಕ್ಕಕ್ಕೆ ಒಂದೇ ಏಟು. ಕಾಯಿ ಬಿರುಕು ಬಿಟ್ಟ ಕೂಡಲೇ ತಂದವಳ ಕೈಗೆ ವಾಪಸ್ ಕೊಟ್ಟು, "ತಗಳವ್ವ, ಇನ್ಮೇಲೆ ನಿನ್ದು" ಎನ್ನುತ್ತಿದ್ದರು.

ಅಬ್ಬಿಗೆರೆಯ ನಮ್ಮ ಬೀದಿಯಲ್ಲಿ ಅವರದ್ದು ಸೌದೆ ಒಲೆಯ ಸಣ್ಣ ಬೇಕರಿ. ಬೆಳಗಿನ ಬ್ರೆಡ್ಡು, ಬನ್ನು ಇಳಿದು ಒಲೆಯ ಕಾವು ತಗ್ಗುವ ಹನ್ನೊಂದು ಗಂಟೆಗೆ ಹೆಂಗಸರು ಕುಂಬಳಕಾಯಿ ಹಿಡಿದು ಬಂದು ನಿಲ್ಲುತ್ತಿದ್ದರು. ಇಡೀ ಸಿಹಿಗುಂಬಳವನ್ನು ಹೆಂಗಸರು ಒಡೆಯಬಾರದು, ಮೊದಲ ಏಟು ಗಂಡಸಿನದೇ ಆಗಬೇಕು ಎಂಬುದು ನಮ್ಮಲ್ಲಿ ನಡೆದುಬಂದ ಕಟ್ಟಳೆ. ಯಾಕೆ ಅಂದರೆ ಯಾರಿಗೂ ಗೊತ್ತಿಲ್ಲ. ಆ ಹೊತ್ತಿಗೆ ಮನೆಯ ಗಂಡಸರೆಲ್ಲ ಪೀಣ್ಯದ ಫ್ಯಾಕ್ಟರಿಗಳಿಗೆ ಹೋಗಿರುತ್ತಿದ್ದರು. ಹಾಗಾಗಿ ಬೀದಿಗೆಲ್ಲ ಅವರದೊಂದೇ ಕೈ.

ನನಗೋ ಇದನ್ನು ಕಂಡರೆ ಮೈಯೆಲ್ಲ ಉರಿ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಒಂದು ಭಾನುವಾರ ನಾನೇ ಚಾಕು ಎತ್ತಿದ್ದಕ್ಕೆ ಅಮ್ಮ ಹೌಹಾರಿ ಕಾಯನ್ನು ಮಡಿಲಿಗೆ ಎಳೆದುಕೊಂಡಳು. ಇನ್ನೇನು ಮಾಡುವುದು, ಹೊತ್ತುಕೊಂಡು ಹೋದೆ.

"ಹೆಂಗಸ್ರು ಒಡೆದ್ರೆ ಏನಾಗತ್ತಣ್ಣ? ಕಾಯಿ ಅಳುತ್ತಾ?" ಎಂದು ಕೊಂಕು ತೆಗೆದೆ.

ಅವರು ಕೋಪಿಸಿಕೊಳ್ಳಲಿಲ್ಲ. "ಏನೂ ಆಗಕ್ಕಿಲ್ಲ ಕಣವ್ವ. ನಮ್ಮವ್ವ ನನ್ ಕೈಲಿ ಇಂಗೇ ಒಡೆಸೋಳು, ಅದುಕ್ಕೇ ನಾನೂ ಒಡೀತೀನಿ. ನಿಮ್ಮಮ್ಮಂಗೆ ನೆಮ್ಮದಿ ಆಯ್ತದಲ್ಲ, ಅದೇನ್ ಕಮ್ಮೀನಾ?"

ಅಂದಿನಿಂದ ನಾನು ವಾದ ಬಿಟ್ಟೆ. ಕೊಂಕು ಮಾತ್ರ ಬಿಡಲಿಲ್ಲ.

ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆದ ವರ್ಷ ಅವಳು ಅನ್ನದ ಮೇಲಿನ ಆಸೆಯನ್ನೇ ಕಳೆದುಕೊಂಡಳು. ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದಳು. ಬೇಕರಿಯ ಮುಂದೆ ನಿಂತು ಅದನ್ನು ಹೇಳುವಾಗ ನನಗೆ ಅಳು ಬಂದುಬಿಟ್ಟಿತು. ಪುಟ್ಟಸ್ವಾಮಣ್ಣ ಕೇಳಿದ್ದು ಒಂದೇ ಮಾತು: "ಡಾಕ್ಟ್ರು ಏನೇನ್ ಕೊಡ್ಬೋದು ಅಂದವ್ರೆ?" ಮೆತ್ತಗಿರುವುದು ಯಾವುದಾದರೂ ಸರಿ ಎಂದಿದ್ದಾರೆ ಅಂದೆ. ಮಾರನೆಯ ದಿನ ಅವರೇ ಕಾಗದದಲ್ಲಿ ಸುತ್ತಿದ ಬ್ರೆಡ್ಡು ಹಿಡಿದು ಮನೆಗೆ ಬಂದರು. ಕುಂಬಳಕಾಯಿಯದು, ಒಳಗೆಲ್ಲ ಚೆಂಡುಹೂವಿನ ಬಣ್ಣ. ಅಮ್ಮ ಒಂದು ತುಂಡನ್ನು ಹಾಲಿನಲ್ಲಿ ಅದ್ದಿ ತಿಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕೇಳಿದಳು. ಅವತ್ತು ನಾನು ಆ ಮನುಷ್ಯನಿಗೆ ಕೈಮುಗಿದೆ.

ಆಮೇಲೆ ಹಟ ಹಿಡಿದು ಅದನ್ನು ಕಲಿತೆ. "ಬೇಯಿಸ್ಬೇಡ, ನೀರ್ ಕುಡ್ಕಂಡು ಬ್ರೆಡ್ಡು ಕೂತ್ಕತದೆ. ಓಳು ಮಾಡಿ ಸುಡು. ಸುಟ್ಟಿದ್ದನ್ನ ಕಿವುಚಿ ಬಟ್ಟೇಲಿ ಕಟ್ಟಿ ನೇತಾಕು. ಹಿಟ್ಟಿಗೆ ಬ್ಯಾರೆ ನೀರು ನೋಡ್ಕಂಡು ಆಕು." ಬೀಜ ಬಿಸಾಡಿದರೆ ಸಿಡುಕುತ್ತಿದ್ದರು. ತೊಳೆದು ಒಣಗಿಸಿ, ಹುರಿದು ಬ್ರೆಡ್ಡಿನ ಮೇಲೆ ಉದುರಿಸಬೇಕು. ಕಣ್ಣಿಗೆ ಒಳ್ಳೆಯದು, ಹೊಟ್ಟೆಗೆ ಹಗುರ, ಮಲಬದ್ಧತೆಗೂ ಒಳ್ಳೆಯದು ಎಂದು ಗಿರಾಕಿಗಳಿಗೆಲ್ಲ ಹೇಳುವರು. ಹಾಗಂತ ಸಕ್ಕರೆ ಕಾಯಿಲೆಯವರು ಎರಡು ಬನ್ನು ಕೇಳಿದರೆ ಒಂದನ್ನು ವಾಪಸ್ ಗಾಜಿನ ಪೆಟ್ಟಿಗೆಗೆ ಇಡುವರು. "ಬೆಲ್ಲ ಸುರಿದಿರೋನು ನಾನು. ಪಾಪ, ಕುಂಬ್ಳಕಾಯಿ ಏನ್ ಮಾಡ್ತದೆ?"

ಈ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಬೇಕರಿಯ ಶಟರ್ ಇಳಿಯಿತು. ಹನ್ನೊಂದು ಗಂಟೆಗೆ ಕುಂಬಳಕಾಯಿ ಹಿಡಿದು ಬಂದ ಹೆಂಗಸರು ಶಟರ್ ನೋಡಿ ಹಾಗೇ ಹಿಂದಿರುಗುತ್ತಿದ್ದರು. ಕೊನೆಗೆ ಎಲ್ಲರೂ ಅಂಗಡಿಯಲ್ಲಿ ಹೋಳು ಮಾಡಿದ್ದನ್ನೇ ತರತೊಡಗಿದರು.

ನಾಲ್ಕು ತಿಂಗಳಾದ ಮೇಲೆ ನಾನು ಮನೆಯ ಓವನ್ನಿನಲ್ಲೇ ಕುಂಬಳಕಾಯಿ ಬ್ರೆಡ್ಡು ಮಾಡಿ ಅವರಿಗೆ ಕೊಂಡುಹೋದೆ. ಅದೇ ನಮ್ಮ ಕೊನೆಯ ಭೇಟಿ. ಆ ತಿಂಗಳೇ ಎರಡನೇ ಸಲ ಹೊಡೆದು ಅವರು ಹೊರಟುಹೋದರು.

ಅವತ್ತು ಅವರು ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದರು. ಹೆಂಡತಿ ಗೌರಮ್ಮ ಪಕ್ಕದಲ್ಲಿ ಕೂತು ಅವರ ಬಲಗೈಗೆ ಎಣ್ಣೆ ತಿಕ್ಕುತ್ತಿದ್ದರು. ಪುಟ್ಟಸ್ವಾಮಣ್ಣ ಎಡಗೈಯಲ್ಲಿ ಬ್ರೆಡ್ಡನ್ನು ಮುರಿದು, ಮೂಸಿ, ನಿಧಾನ ಅಗಿದರು.

"ಕಾಯಿ ಯಾರು ಒಡೆದಿದ್ದು?"

ಯಾರದಾದರೂ ಹೆಸರು ಹೇಳಿ ಪಾರಾಗಬಹುದಿತ್ತು. "ನಾನೇ ಅಣ್ಣ," ಅಂದೆ.

ಅವರು ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡರು. "ಸಂದಾಕದೆ," ಎಂದು ಮೂಲೆಯತ್ತ ಕಣ್ಣು ಹಾಯಿಸಿದರು. ಅಲ್ಲಿ ಗೋಣಿಚೀಲದ ಮೇಲೆ ಒಂದು ದೊಡ್ಡ ಕುಂಬಳಕಾಯಿ ಇತ್ತು, ತೊಟ್ಟು ಒಣಗಿ ಮರವಾಗಿತ್ತು. ಕಾಯಿಲೆ ಬಿದ್ದ ದಿನ ಬೆಳಿಗ್ಗೆ ಅವರೇ ತಂದಿಟ್ಟದ್ದಂತೆ. ಅಕ್ಕಪಕ್ಕದ ಗಂಡಸರು ಒಡೆದುಕೊಡಲು ಬಂದರೂ ಗೌರಮ್ಮ ಮುಟ್ಟಗೊಟ್ಟಿರಲಿಲ್ಲ. "ಇವ್ರ ಕೈ ಬರೋಗಂಟ ಇರ್ಲಿ" ಎನ್ನುತ್ತಿದ್ದರಂತೆ.

"ಅದ್ನೂ ಒಡೆದ್ಬಿಡವ್ವ," ಅಂದರು ಪುಟ್ಟಸ್ವಾಮಣ್ಣ.

ಗೌರಮ್ಮನ ಕೈ ನಿಂತಿತು. "ಬ್ಯಾಡ ಕಣ್ರೀ. ಡಾಕ್ಟ್ರು ಕೈ ಬರಕ್ಕೆ ಇನ್ನೂ ಟೈಮ್ ಐತೆ ಅಂದವ್ರೆ."

"ಕೊಳೆತೋಯ್ತದೆ ಕಣೇ. ಒಡೀಲಿ."

ಗೌರಮ್ಮ ಎದ್ದುಹೋಗಿ ಕತ್ತಿ ತಂದುಕೊಟ್ಟರು, ನನ್ನ ಮುಖ ನೋಡಲಿಲ್ಲ. ನಾನು ಕಾಯನ್ನು ಪುಟ್ಟಸ್ವಾಮಣ್ಣನ ಕಿವಿಯ ಹತ್ತಿರ ಹಿಡಿದು ತಟ್ಟಿದೆ. ಅವರು ತಲೆಯಾಡಿಸಿದರು. ಇಷ್ಟು ವರ್ಷ ಗೇಲಿ ಮಾಡಿದವಳು ಕತ್ತಿಯನ್ನು ಕಣ್ಣಿಗೊತ್ತಿಕೊಂಡೆ. ಎರಡು ಏಟು ಬೇಕಾಯಿತು.

ಬಿರುಕು ಬಿಟ್ಟ ಕಾಯನ್ನು ಗೌರಮ್ಮನ ಕೈಗಿಟ್ಟೆ. ಆ ಮಾತನ್ನು ಹೇಳಬೇಕಾದವಳು ನಾನೇ. ನಾನು ಬಾಯಿ ತೆರೆಯುವಷ್ಟರಲ್ಲಿ ಮಂಚದ ಮೇಲಿಂದ ಅವರೇ ತೊದಲುತ್ತ ಹೆಂಡತಿಗೆ ಹೇಳಿದರು:

"ತಗಳೇ ಗೌರಿ, ಇನ್ಮೇಲೆ ನಿನ್ದು."